ಜನಕನಿಂದ ಕನಜಕ್ಕೆ ಎಷ್ಟು ದೂರ?

ರಿ, ಮ, ಕೇ, ಡಿ. ಈ ನಾಲ್ಕು ಅಕ್ಷರಗಳನ್ನು ಸರಿಯಾಗಿ ಜೋಡಿಸಿದರೆ ನಮ್ಮ ರಾಜ್ಯದ ಒಂದು ಊರಿನ ಹೆಸರು. ಈ ಸಾಲು ಮುಗಿಯುವಷ್ಟರಲ್ಲಿ ಅದು ನಿಮಗೆ ಹೊಳೆದಿರುತ್ತದೆ. ಇನ್ನೊಂದು ನೋಡಿ: ಗಾ, ಳೆ, ಲ, ಮ. ಇದು ಊರಲ್ಲ, ವರ್ಷದ ಒಂದು ಭಾಗ. ತುಸು ಹೆಚ್ಚು ಹೊತ್ತು ಹಿಡಿದರೂ ಉತ್ತರ ಬಂದ ಬಗೆ ಮಾತ್ರ ಮೊದಲಿನದೇ. ಒಂದೊಂದೇ ಅಕ್ಷರ ಸಾಲುಗಟ್ಟಿ ಬರಲಿಲ್ಲ. ಇಡೀ ಪದ ಒಮ್ಮೆಲೇ ಬಂದು ನಿಂತಿತು. ಹೇಗೆ ಹೊಳೆಯಿತು ಎಂದು ಯಾರಾದರೂ ಕೇಳಿದರೆ 'ಹೊಳೆಯಿತು, ಅಷ್ಟೆ' ಎನ್ನುವುದನ್ನು ಬಿಟ್ಟು ಬೇರೇನು ಹೇಳಲೂ ತೋಚುವುದಿಲ್ಲ.

ಪತ್ರಿಕೆಗಳ ಮಕ್ಕಳ ಪುಟದಲ್ಲಿ, ವಾರಪತ್ರಿಕೆಗಳ ಪದಬಂಧದ ಪಕ್ಕದಲ್ಲಿ ಇಂಥ ಒಗಟುಗಳನ್ನು ಬಿಡಿಸುತ್ತಲೇ ನಾವು ಬೆಳೆದಿದ್ದೇವೆ. ಒಂದು ಪದದ ಅಕ್ಷರಗಳನ್ನು ಕಲಸಿ ಇನ್ನೊಂದು ಪದ ಮಾಡುವ ಈ ಆಟವನ್ನು ಅಕ್ಷರಪಲ್ಲಟ ಎಂದು ಕರೆಯೋಣ. 'ನದಿ' ತಿರುಗಿದರೆ 'ದಿನ'. 'ಮದನ' ಕದಲಿದರೆ 'ದಮನ'. 'ಜನಕ'ನನ್ನು ಹಿಂದಿನಿಂದ ಓದಿದರೆ 'ಕನಜ'. ಇಷ್ಟು ಸಣ್ಣ ಪದಗಳಲ್ಲಿ ಇದು ಮಕ್ಕಳಾಟ. ಅಕ್ಷರಗಳು ಹೆಚ್ಚಿದಂತೆ ಇದೇ ಆಟ ಬೆಚ್ಚಿಬೀಳಿಸುವ ಲೆಕ್ಕವಾಗುತ್ತದೆ. ಆ ಲೆಕ್ಕಕ್ಕೆ ಮನುಷ್ಯನ ತಲೆ ಮಾಡಿಕೊಂಡಿರುವ ಪರಿಹಾರವೇ ಈ ಅಧ್ಯಾಯದ ವಸ್ತು.

ಏಳು ಬಿಲ್ಲೆ, ಐದು ಸಾವಿರ ಸಾಲು

ಸ್ಕ್ರ್ಯಾಬಲ್ ಆಡಿದವರಿಗೆ ಗೊತ್ತಿರುವಂತೆ, ಅದರ ಇಂಗ್ಲಿಷ್ ಪೆಟ್ಟಿಗೆಯಲ್ಲಿ 100 ಬಿಲ್ಲೆಗಳಿರುತ್ತವೆ. 98ರ ಮೇಲೆ ಅಕ್ಷರ, 2 ಖಾಲಿ. ಅಡ್ಡಕ್ಕೆ 15, ಉದ್ದಕ್ಕೆ 15 ಮನೆಗಳ ಮಣೆ. ಪ್ರತಿ ಆಟಗಾರರ ಮುಂದೆ ಒಂದು ಹೊತ್ತಿಗೆ ಏಳು ಬಿಲ್ಲೆ. ಮಣೆಯ ಮೇಲೆ ಈಗಾಗಲೇ ಇರುವ ಪದಕ್ಕೆ ತಾಗಿಸಿ ಹೊಸ ಪದ ಕಟ್ಟಬೇಕು. ಏಳೂ ಬಿಲ್ಲೆಗಳನ್ನು ಒಂದೇ ಸಲಕ್ಕೆ ಇಳಿಸಿದರೆ 50 ಅಂಕ ಬಹುಮಾನ.

ಏಳೂ ಬಿಲ್ಲೆ ಇಳಿಸಿದರೆ ಎಷ್ಟು ಗಳಿಸಬಹುದೆಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 2006ರ ಅಕ್ಟೋಬರ್‌ನಲ್ಲಿ ಅಮೆರಿಕದ ಲೆಕ್ಸಿಂಗ್ಟನ್ ಎಂಬ ಊರಿನ ಕ್ಲಬ್ಬಿನಲ್ಲಿ ವೃತ್ತಿಯಿಂದ ಬಡಗಿಯಾದ ಆಟಗಾರರೊಬ್ಬರು 'ಕ್ವಿಕ್ಸಾಟ್ರಿ' ಎಂಬ ಎಂಟಕ್ಷರದ ಪದ ಇಟ್ಟು ಒಂದೇ ಸರದಿಯಲ್ಲಿ 365 ಅಂಕ ಪಡೆದರು. ಎಂಟರಲ್ಲಿ ಏಳು ಅವರವೇ, ಒಂದು ಮಣೆಯ ಮೇಲೆ ಮೊದಲೇ ಇದ್ದದ್ದು. ಬಿಲ್ಲೆಗಳ ಮೇಲಿನ ಅಂಕಗಳ ಮೊತ್ತ 27. ಎಂಟು ಅಂಕದ ಎಕ್ಸ್ ದುಪ್ಪಟ್ಟು ಮನೆಯಲ್ಲಿ ಬಿದ್ದದ್ದರಿಂದ ಅದು 35 ಆಯಿತು. ಪದದ ಎರಡು ತುದಿಗಳೂ ಮೂರು ಪಟ್ಟಿನ ಮನೆಗಳಲ್ಲಿದ್ದವು, ಹಾಗಾಗಿ ಒಂಬತ್ತು ಪಟ್ಟು: 315. ಅದಕ್ಕೆ ಏಳೂ ಬಿಲ್ಲೆ ಇಳಿಸಿದ 50 ಸೇರಿ 365. ಆ ಆಟದಲ್ಲಿ ಅವರ ಒಟ್ಟು ಮೊತ್ತ 830.

ಏಳು ಬೇರೆ ಬೇರೆ ಅಕ್ಷರಗಳನ್ನು ಎಷ್ಟು ಬಗೆಯಲ್ಲಿ ಸಾಲಾಗಿ ಇಡಬಹುದು? ಮೊದಲ ಜಾಗಕ್ಕೆ ಏಳು ಆಯ್ಕೆ, ಎರಡನೆಯದಕ್ಕೆ ಉಳಿದ ಆರು, ಮೂರನೆಯದಕ್ಕೆ ಐದು. ಹೀಗೆ ಗುಣಿಸುತ್ತ ಹೋದರೆ 5,040. ಒಂದು ಸಾಲು ಮಾಡಿ ನೋಡಲು ಒಂದೇ ಸೆಕೆಂಡ್ ಎಂದಿಟ್ಟುಕೊಂಡರೂ ಎಲ್ಲವನ್ನೂ ನೋಡಿ ಮುಗಿಸಲು 84 ನಿಮಿಷ ಬೇಕು. ಪಂದ್ಯದಲ್ಲಿ ಒಬ್ಬ ಆಟಗಾರನಿಗೆ ಇಡೀ ಆಟಕ್ಕೆ ಸಿಗುವುದು 25 ನಿಮಿಷ. ಎಂಟು ಅಕ್ಷರಗಳಾದರೆ ಸಾಲುಗಳ ಸಂಖ್ಯೆ 40,320ಕ್ಕೆ ಜಿಗಿಯುತ್ತದೆ. ಆದರೂ ಪಳಗಿದ ಆಟಗಾರರು ಬಿಲ್ಲೆಗಳತ್ತ ಒಮ್ಮೆ ಕಣ್ಣಾಡಿಸಿ ಪದ ಇಳಿಸಿಬಿಡುತ್ತಾರೆ. ಅವರೇನು ನಮಗಿಂತ ಬೇಗ ಬೇಗ ಅಕ್ಷರ ಹೊರಳಿಸಿ ನೋಡುತ್ತಾರೆಯೇ? ಐದು ಸಾವಿರ ಸಾಲುಗಳನ್ನು ಕೆಲವೇ ಸೆಕೆಂಡುಗಳಲ್ಲಿ ಮಾಡಿ ಮುಗಿಸುವ ವೇಗ ಯಾವ ಮನುಷ್ಯನಿಗೂ ಇಲ್ಲ. ಅವರು ಮಾಡುವ ಕೆಲಸವೇ ಬೇರೆ.

ಭಾಷೆ ಬಾರದ ಚಾಂಪಿಯನ್

ಆ ಕೆಲಸ ಯಾವುದೆಂದು ಊಹಿಸಲು ನೈಜೆಲ್ ರಿಚರ್ಡ್ಸ್ ಎಂಬ ನ್ಯೂಜಿಲೆಂಡಿನವರ ಕಥೆ ನೆರವಾಗುತ್ತದೆ. ಇಂಗ್ಲಿಷ್ ಸ್ಕ್ರ್ಯಾಬಲ್‌ನ ವಿಶ್ವಪಟ್ಟವನ್ನು ಅವರು 2007, 2011 ಮತ್ತು 2013ರಲ್ಲಿ ಗೆದ್ದಿದ್ದರು. 2015ರಲ್ಲಿ ಬೆಲ್ಜಿಯಂನ ಲೂವಾಂ-ಲಾ-ನೂವ್ ಎಂಬಲ್ಲಿ ಫ್ರೆಂಚ್ ಭಾಷೆಯ ವಿಶ್ವಪಂದ್ಯಕ್ಕೆ ಹೋಗಿ ಅದನ್ನೂ ಗೆದ್ದರು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಪಂದ್ಯಕ್ಕೆ ಮುಂಚೆ ಸುಮಾರು ಒಂಬತ್ತು ವಾರ ಫ್ರೆಂಚ್ ಸ್ಕ್ರ್ಯಾಬಲ್ ಪದಕೋಶವನ್ನು ಓದಿದ್ದರು, ಅಷ್ಟೆ. ಆ ಕೋಶದಲ್ಲಿ 3,80,000ಕ್ಕೂ ಹೆಚ್ಚು ರೂಪಗಳಿವೆ. ಫೈನಲ್‌ನಲ್ಲಿ ಅವರ ಎದುರು ಕೂತಿದ್ದ ಗ್ಯಾಬನ್ ದೇಶದ ಆಟಗಾರರಿಗೆ ಫ್ರೆಂಚ್ ನಿತ್ಯದ ಭಾಷೆ. 2024ರಲ್ಲಿ ರಿಚರ್ಡ್ಸ್ ಸ್ಪೇನಿನ ಗ್ರನಾಡಾಕ್ಕೆ ಹೋಗಿ ಸ್ಪ್ಯಾನಿಷ್ ಭಾಷೆಯ ವಿಶ್ವಪಟ್ಟವನ್ನೂ ತಂದರು. ಸ್ಪ್ಯಾನಿಷ್ ಕೂಡ ಅವರು ಆಡುವ ಭಾಷೆಯಲ್ಲ.

ಈ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಬಹಳ ಜನ 'ಅದ್ಭುತ ನೆನಪಿನ ಶಕ್ತಿ' ಎಂದು ಹೇಳಿ ಮುಂದೆ ಸರಿದರು. ನೆನಪಿನ ಶಕ್ತಿ ಅದ್ಭುತವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟರಿಂದ ವಿವರಣೆ ಮುಗಿಯುವುದಿಲ್ಲ. ನಿಘಂಟನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಾಯಿಪಾಠ ಮಾಡಿದ ಒಬ್ಬರನ್ನು ಊಹಿಸಿಕೊಳ್ಳಿ. 'ಪ'ದಿಂದ ಶುರುವಾಗುವ ಪದಗಳನ್ನು ಹೇಳಿ ಎಂದರೆ ಅವರು ಸರಾಗವಾಗಿ ಹೇಳುತ್ತಾರೆ. ಕಲಸಿದ ಏಳು ಅಕ್ಷರಗಳನ್ನು ಕೊಟ್ಟು ಇವುಗಳಿಂದ ಯಾವ ಪದ ಆಗುತ್ತದೆ ಎಂದರೆ ಆ ಬಾಯಿಪಾಠ ಎಲ್ಲಿಂದ ಶುರುವಾಗಬೇಕು? ಪದದ ಮೊದಲ ಅಕ್ಷರ ಯಾವುದೆಂಬುದೇ ಗೊತ್ತಿಲ್ಲ. ಸರಕು ಎಲ್ಲವೂ ತಲೆಯಲ್ಲಿದೆ, ತೆಗೆಯುವ ಬಾಗಿಲು ಮಾತ್ರ ತಪ್ಪಾದ ಕಡೆ ಇದೆ. ರಿಚರ್ಡ್ಸ್ ಅಂಥವರು ಪದಗಳನ್ನು ಇಟ್ಟುಕೊಳ್ಳುವುದು ಬೇರೆ ಬಾಗಿಲಿನಿಂದ ತೆಗೆಯಲು ಬರುವಂತೆ. ಆ ಬಾಗಿಲಿನ ಅತ್ಯಂತ ಸರಳ ಮಾದರಿ ಮುನ್ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಅಚ್ಚಾಗಿತ್ತು.

ಹುಕ್ ಬಚ್ಚಿಟ್ಟ ನಿಯಮ

ಹದಿನೇಳನೆಯ ಶತಮಾನದ ವಿಜ್ಞಾನಿಗಳಿಗೆ ಒಂದು ಸಂಕಟವಿತ್ತು. ಹೊಸದೇನನ್ನೋ ಕಂಡುಕೊಂಡಾಗ ಅದನ್ನು ಕೂಡಲೇ ಪ್ರಕಟಿಸಿದರೆ ಬೇರೆಯವರು ಅದನ್ನು ಹಿಡಿದು ಮುಂದೆ ಹೋಗುತ್ತಾರೆ. ಸುಮ್ಮನಿದ್ದರೆ ನಾಳೆ ಇನ್ನೊಬ್ಬರು 'ಮೊದಲು ಕಂಡವನು ನಾನು' ಎನ್ನುತ್ತಾರೆ. ಅವರು ಕಂಡುಕೊಂಡ ಉಪಾಯ ಅಕ್ಷರಪಲ್ಲಟ. ಫಲಿತಾಂಶವನ್ನು ಒಂದು ಲ್ಯಾಟಿನ್ ವಾಕ್ಯದಲ್ಲಿ ಬರೆದು, ಅದರ ಅಕ್ಷರಗಳನ್ನು ಕಲಸಿ ಪ್ರಕಟಿಸುವುದು. ಹಕ್ಕು ದಾಖಲಾಯಿತು, ಗುಟ್ಟೂ ಉಳಿಯಿತು.

ಗೆಲಿಲಿಯೋ 1610ರಲ್ಲಿ ಶನಿಗ್ರಹದ ಇಬ್ಬದಿಯಲ್ಲಿ ಏನೋ ಉಬ್ಬಿದಂತಿರುವುದನ್ನು ದೂರದರ್ಶಕದಲ್ಲಿ ನೋಡಿದ. ಅತಿ ಎತ್ತರದ ಗ್ರಹ ಮೂರು ಭಾಗಗಳದ್ದಾಗಿ ಕಂಡಿತು ಎಂಬ ಅರ್ಥದ ವಾಕ್ಯವನ್ನು 37 ಅಕ್ಷರಗಳ ಗೋಜಲಾಗಿಸಿ ಕಳುಹಿಸಿದ. ಕೆಪ್ಲರ್ ಅದನ್ನು ಬಿಡಿಸಲು ಕೂತ. ಆ ಅಕ್ಷರಗಳಿಂದ ಅವನು ಹೊರತೆಗೆದದ್ದು ಮಂಗಳನಿಗೆ ಇಬ್ಬರು ಅವಳಿ ಮಕ್ಕಳಿದ್ದಾರೆ ಎಂಬ ಅರ್ಥದ, ಅಷ್ಟೇನೂ ಶುದ್ಧವಲ್ಲದ ಲ್ಯಾಟಿನ್ ಸಾಲು. ಗೆಲಿಲಿಯೋ ಹೇಳಿದ್ದು ಶನಿಯ ಮಾತು, ಕೆಪ್ಲರ್ ಓದಿದ್ದು ಮಂಗಳನ ಮಾತು. ಮಂಗಳನಿಗೆ ನಿಜವಾಗಿ ಎರಡು ಉಪಗ್ರಹಗಳಿರುವುದು ಪತ್ತೆಯಾದದ್ದು 1877ರಲ್ಲಿ. ಕೆಪ್ಲರನ ಓದು ಶುದ್ಧ ಕಾಕತಾಳೀಯ, ಆದರೆ ವಿಜ್ಞಾನದ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಕಾಕತಾಳೀಯ ಇದು. ಉದ್ದನೆಯ ಗೋಜಲಿನಲ್ಲಿ ಒಂದಕ್ಕಿಂತ ಹೆಚ್ಚು ವಾಕ್ಯಗಳು ಅಡಗಿ ಕೂತಿರುತ್ತವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಮ್ಮ ಕಥೆಗೆ ಹೆಚ್ಚು ಮುಖ್ಯನಾದವನು ರಾಬರ್ಟ್ ಹುಕ್. ಸ್ಪ್ರಿಂಗನ್ನು ಎಷ್ಟು ಹಿಗ್ಗಿಸುತ್ತೇವೋ ಅದಕ್ಕೆ ತಕ್ಕಷ್ಟೇ ಅದು ಹಿಂದಕ್ಕೆಳೆಯುತ್ತದೆ ಎಂದು ಶಾಲೆಯಲ್ಲಿ ನಾವು ಕಲಿತ ನಿಯಮ ಅವನದು. 1676ರಲ್ಲಿ ಅವನು ಅದನ್ನು 14 ಅಕ್ಷರಗಳಲ್ಲಿ ಬಚ್ಚಿಟ್ಟು ಅಚ್ಚು ಹಾಕಿಸಿದ, ಬಿಡಿಸಿ ಹೇಳಿದ್ದು 1678ರಲ್ಲಿ. ಅವನು ಅಕ್ಷರಗಳನ್ನು ಕಲಸಿದ ಬಗೆ ಗಮನಿಸಿ: ಸಿ, ಇ, ಮೂರು ಐ, ಎನ್, ಓ, ಮೂರು ಎಸ್, ಎರಡು ಟಿ, ಯು, ವಿ. ಇದು ಕಲಸಿದ್ದೇ ಅಲ್ಲ! ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ನೀಟಾಗಿ ಜೋಡಿಸಿದ್ದು.

ಹುಕ್ ಹೀಗೆ ಜೋಡಿಸಿದ್ದಕ್ಕೆ ಒಳ್ಳೆಯ ಕಾರಣವಿದೆ. ಮನಸ್ಸಿಗೆ ಬಂದಂತೆ ಕಲಸಿದರೆ ಮೂಲ ವಾಕ್ಯದ ಯಾವುದೋ ತುಣುಕು ಅಕಸ್ಮಾತ್ತಾಗಿ ಹಾಗೆಯೇ ಉಳಿದು ಸುಳಿವು ಕೊಡಬಹುದು. ವರ್ಣಮಾಲೆಯ ಕ್ರಮದಲ್ಲಿಟ್ಟರೆ ಮೂಲದಲ್ಲಿ ಯಾವ ಅಕ್ಷರ ಯಾವುದರ ಪಕ್ಕದಲ್ಲಿತ್ತು ಎಂಬ ವಿಷಯ ಪೂರ್ತಿ ಅಳಿಸಿಹೋಗುತ್ತದೆ. ಯಾವ ಯಾವ ಅಕ್ಷರ, ಎಷ್ಟೆಷ್ಟು ಎಂಬುದು ಮಾತ್ರ ಉಳಿಯುತ್ತದೆ. ಗುಟ್ಟು ಬಚ್ಚಿಡಲು ಅವನು ಬಳಸಿದ ಇದೇ ಉಪಾಯ ತಲೆಕೆಳಗಾಗಿ ಗುಟ್ಟು ಬಿಡಿಸುವ ಸಾಧನವೂ ಆಗುತ್ತದೆ.

ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ

ಗಣಕದಲ್ಲಿ ಒಂದು ದೊಡ್ಡ ನಿಘಂಟು ಇದೆ. ಅದರಲ್ಲಿ ಪರಸ್ಪರ ಅಕ್ಷರಪಲ್ಲಟವಾಗಿರುವ ಪದಗಳನ್ನೆಲ್ಲ ಗುಂಪು ಮಾಡಿಕೊಡಬೇಕು. ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಬೆಂಟ್ಲಿ 'ಪ್ರೋಗ್ರಾಮಿಂಗ್ ಪರ್ಲ್ಸ್' ಎಂಬ ತಮ್ಮ ಪುಸ್ತಕದಲ್ಲಿ ಈ ಸಮಸ್ಯೆಯನ್ನು ಚರ್ಚಿಸಿದ್ದಾರೆ. ಪ್ರತಿ ಪದದ ಎಲ್ಲ ಸಾಲುಗಳನ್ನೂ ಮಾಡಿ ನೋಡುವ ದಾರಿ ಹಿಡಿದರೆ ಉದ್ದನೆಯ ಒಂದೇ ಪದಕ್ಕೆ ಯಂತ್ರ ಸುಸ್ತಾಗುತ್ತದೆ. ಪರಿಹಾರವನ್ನು ಬೆಂಟ್ಲಿಯ ಸಹೋದ್ಯೋಗಿಯೊಬ್ಬರು ಕೈಸನ್ನೆಯಲ್ಲೇ ತೋರಿಸಿದರಂತೆ. ಮೊದಲು ಅಡ್ಡಕ್ಕೆ ಜೋಡಿಸಿ, ಆಮೇಲೆ ಉದ್ದಕ್ಕೆ ಜೋಡಿಸಿ.

ಕನ್ನಡ ಪದಗಳಲ್ಲಿ ಮಾಡಿ ನೋಡೋಣ. 'ಮದನ' ಎಂಬ ಪದದ ಅಕ್ಷರಗಳನ್ನು ಅಕಾರಾದಿಯಾಗಿ ಅಡ್ಡಕ್ಕೆ ಜೋಡಿಸಿದರೆ ದ-ನ-ಮ. 'ದಮನ'ವನ್ನು ಜೋಡಿಸಿದರೂ ದ-ನ-ಮ. 'ರಮಣ' ಮತ್ತು 'ಮರಣ' ಎರಡೂ ಣ-ಮ-ರ. 'ಜನಕ', 'ಕನಜ' ಎರಡೂ ಕ-ಜ-ನ. 'ತವರು', 'ತರುವ' ಎರಡೂ ತ-ರು-ವ. ಈ ಜೋಡಿಸಿದ ರೂಪವನ್ನು ಪದದ 'ಅಕಾರಾದಿ ಗುರುತು' ಎನ್ನೋಣ. ಆಮೇಲೆ ಈ ಗುರುತುಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಅಕಾರಾದಿಯಾಗಿ ಇಟ್ಟರೆ ಒಂದೇ ಗುರುತಿನ ಪದಗಳು ತಾವಾಗಿಯೇ ಒಂದರ ಕೆಳಗೊಂದು ಬಂದು ಕೂರುತ್ತವೆ. ಇನ್ನು ಯಾರಾದರೂ ಣ, ರ, ಮ ಎಂದು ಕೊಟ್ಟರೂ ರ, ಣ, ಮ ಎಂದು ಕೊಟ್ಟರೂ ಗಣಕ ಮಾಡಬೇಕಾದ್ದು ಇಷ್ಟೇ. ಅಕಾರಾದಿಯಲ್ಲಿಟ್ಟುಕೊಂಡು ಪಟ್ಟಿಯಲ್ಲಿ ಆ ಗುರುತಿರುವ ಜಾಗ ತೆರೆಯುವುದು. ಹುಡುಕಾಟವೇ ಇಲ್ಲ.

ಅಂಗಡಿಗೆ ಕೊಟ್ಟ ಚೀಟಿಯಲ್ಲಿ ಮೆಂತ್ಯ, ಅಕ್ಕಿ, ಉದ್ದಿನಬೇಳೆ ಎಂದಿದ್ದರೆ ನಾಳೆ ಮನೆಯಲ್ಲಿ ದೋಸೆ ಎಂದು ಅಂಗಡಿಯವರಿಗೆ ತಿಳಿಯುತ್ತದೆ. ಚೀಟಿಯಲ್ಲಿ ಉದ್ದಿನಬೇಳೆ ಮೇಲಿದ್ದರೇನು, ಕೆಳಗಿದ್ದರೇನು? ಸಾಮಾನು ಯಾವುವು ಎಂಬುದೇ ತಿಂಡಿಯ ಗುರುತು. ಅದೇ ಸಾಮಾನಿನಲ್ಲಿ ಇಡ್ಲಿಯೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಅದೂ ಸರಿಯೇ. ಒಂದು ಗುರುತಿನ ಕೆಳಗೆ ಎರಡು ತಿಂಡಿ ಇವೆ ಎಂದಷ್ಟೇ ಅದರರ್ಥ. ಯಾವ ಅಂಗಡಿಯವರೂ ಮೂರು ಸಾಮಾನನ್ನು ಆರು ಕ್ರಮಗಳಲ್ಲಿ ಬೆರೆಸಿ ನೋಡಿ ಉತ್ತರ ಹುಡುಕುವುದಿಲ್ಲ.

ಪಂದ್ಯದ ಆಟಗಾರರು ಕಲಿಯುವುದೂ ಹೀಗೆಯೇ. ಚೀಟಿಯ ಒಂದು ಮುಖದಲ್ಲಿ ಅಕಾರಾದಿ ಗುರುತು, ಹಿಂದುಗಡೆ ಉತ್ತರ. ಪದ ನೋಡಿ ಗುರುತು ಹೇಳುವ ಅಭ್ಯಾಸವಲ್ಲ, ಗುರುತು ನೋಡಿ ಪದ ಹೇಳುವ ಅಭ್ಯಾಸ. ಈ ಕೆಲಸಕ್ಕೆಂದೇ ಇರುವ ಒಂದು ಗಣಕ ತಂತ್ರಾಂಶದ ಹೆಸರು 'ಝಿಝಿವಾ'. ಅಮೆರಿಕದ ಒಂದು ಬಗೆಯ ಮೂತಿಹುಳುವಿನ ಹೆಸರದು, ಇಂಗ್ಲಿಷ್ ಆಟದ ಪದಪಟ್ಟಿಗಳ ಕೊನೆಕೊನೆಯಲ್ಲಿ ಬರುವ ಪದ. ಪಂದ್ಯಗಳಲ್ಲಿ ನೋಡಿದರೆ ಬಹಳ ಆಟಗಾರರು ಚೀಲದಿಂದ ಬಿಲ್ಲೆ ತೆಗೆದ ಕೂಡಲೇ ಅವನ್ನು ವರ್ಣಮಾಲೆಯ ಕ್ರಮದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಎ, ಇ, ಐ, ಎನ್, ಆರ್, ಎಸ್, ಟಿ ಎಂಬ ಏಳು ಸಾಲಾಗಿ ನಿಂತ ಕ್ಷಣ ಪಳಗಿದವರಿಗೆ ಅದು ಗೋಜಲಾಗಿ ಕಾಣುವುದೇ ಇಲ್ಲ. ರೀಟೇನ್ಸ್, ನಾಸ್ಟಿಯರ್, ರೆಟಿನಾಸ್, ಸ್ಟೇನರ್, ಗ್ರೀಸ್ ದೇಶದ ಮದ್ಯವಾದ ರೆಟ್ಸಿನಾ, ಕೊಬ್ಬಿನಲ್ಲಿ ಸಿಗುವ ಸ್ಟಿಯರಿನ್ ಎಲ್ಲವೂ ಆ ಒಂದೇ ಗುರುತಿನ ಕೆಳಗೆ ಅವರಿಗೆ ಸಿಗುತ್ತವೆ. ಫ್ರೆಂಚ್ ಬಾರದವರು ಫ್ರೆಂಚ್‌ನಲ್ಲಿ ಗೆಲ್ಲಬಹುದಾದದ್ದು ಇದರಿಂದಲೇ. ಗುರುತು ಕೊಟ್ಟು ಪದ ತೆಗೆಯುವ ಈ ದಾರಿಯಲ್ಲಿ ಅರ್ಥ ಎಲ್ಲಿಯೂ ಅಡ್ಡ ಬರುವುದಿಲ್ಲ.

ತಲೆಯೊಳಗೆ ನಡೆಯುವುದು

ಹಾಗಾದರೆ ಅಭ್ಯಾಸವೇ ಇಲ್ಲದ ನಮಗೆ ಮಡಿಕೇರಿ ಹೊಳೆದದ್ದು ಹೇಗೆ? ನಾವು ಯಾವ ಗುರುತಿನ ಪಟ್ಟಿಯನ್ನೂ ಬಾಯಿಪಾಠ ಮಾಡಿದವರಲ್ಲ.

2003ರ ಸುಮಾರಿಗೆ ಇಮೇಲ್‌ಗಳಲ್ಲಿ ಒಂದು ಸಂದೇಶ ಊರೂರು ಸುತ್ತಿತ್ತು. ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿಯಾಗಿದ್ದರೆ ಸಾಕು, ನಡುವಿನವು ಹೇಗಿದ್ದರೂ ಓದಲು ಬರುತ್ತದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆ ಹೇಳಿದೆ ಎಂಬುದು ಅದರ ಸಾರ. ಕೇಂಬ್ರಿಜ್‌ನಲ್ಲಿ ಅಂಥ ಸಂಶೋಧನೆ ನಡೆದಿರಲಿಲ್ಲ. ಆ ಮಾತಿನ ಬೇರು ಗ್ರಹಾಂ ರಾಲಿನ್ಸನ್ ಎಂಬವರು 1976ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪಿಎಚ್‌ಡಿ ಪ್ರಬಂಧದಲ್ಲಿದೆ. ಸಂದೇಶದಲ್ಲಿ ಉತ್ಪ್ರೇಕ್ಷೆ ಬಹಳವಿದ್ದರೂ ಒಳಗೊಂದು ಸತ್ಯವಿದೆ. ಓದುವಾಗ ಮಿದುಳು ಅಕ್ಷರಗಳ ಜಾಗವನ್ನು ತುಸು ಸಡಿಲವಾಗಿಯೇ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಅಕ್ಷರ ಅದಲುಬದಲಾದ ಅಚ್ಚಿನ ತಪ್ಪುಗಳು ಕರಡು ತಿದ್ದುವವರ ಕಣ್ಣಿಗೂ ಬೀಳದೆ ಪಾರಾಗುವುದು ಇದರಿಂದ. ಯಾವ ಅಕ್ಷರಗಳಿವೆ ಎಂಬುದೊಂದೇ ಆ ಅಕ್ಷರಗಳಿರುವ ಪದಗಳನ್ನು ನೆನಪಿನಲ್ಲಿ ಮೆಲ್ಲಗೆ ಎಬ್ಬಿಸುತ್ತದೆ. ಎಲ್ಲ ಅಕ್ಷರಗಳೂ ಒಪ್ಪುವ ಪದಕ್ಕೆ ಎಲ್ಲಕ್ಕಿಂತ ಹೆಚ್ಚು ಬಲ ಸಿಗುತ್ತದೆ, ಅದು ಮೇಲೆದ್ದು ಬರುತ್ತದೆ. ಗುರುತಿನಿಂದ ಪದ ತೆಗೆಯುವ ವ್ಯವಸ್ಥೆಯೊಂದು, ಒರಟಾಗಿಯಾದರೂ, ಓದು ಕಲಿತ ಪ್ರತಿಯೊಬ್ಬರ ತಲೆಯಲ್ಲೂ ಇದೆ. ಪಳಗಿದ ಆಟಗಾರರು ಅದನ್ನೇ ತಿದ್ದಿ ಹರಿತ ಮಾಡಿಕೊಳ್ಳುತ್ತಾರೆ.

ಸಡಿಲ ಎಂದರೆ ಕ್ರಮ ಲೆಕ್ಕಕ್ಕೇ ಇಲ್ಲವೆಂದಲ್ಲ. 1958ರಲ್ಲಿ ಮೇಜ್ನರ್ ಮತ್ತು ಟ್ರೆಸೆಲ್ಟ್ ಎಂಬ ಮನಶ್ಶಾಸ್ತ್ರಜ್ಞರು ಅಕ್ಷರಪಲ್ಲಟ ಬಿಡಿಸಲು ಹಿಡಿಯುವ ಹೊತ್ತು ಎರಡು ಸಂಗತಿಗಳನ್ನು ಅವಲಂಬಿಸಿದೆ ಎಂದು ತೋರಿಸಿದರು. ಒಂದು, ಉತ್ತರದ ಪದ ಎಷ್ಟು ಬಳಕೆಯದು ಎಂಬುದು. ಇನ್ನೊಂದು, ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಸಿ ಕೊಟ್ಟಿದ್ದಾರೆ ಎಂಬುದು. ಕಲಸಿ ಕೊಟ್ಟದ್ದೇ ಒಂದು ಅರ್ಥವಿರುವ ಪದವಾಗಿಬಿಟ್ಟರೆ ಬಿಡಿಸುವುದು ಇನ್ನೂ ಕಷ್ಟ. ಣ, ಮ, ರ ಎಂದು ಕೊಟ್ಟರೆ ರಮಣ ಬೇಗ ಸಿಗುತ್ತಾನೆ. 'ಮರಣ' ಎಂದು ಬರೆದು ಕೊಟ್ಟರೆ ಆ ಪದ ನಮ್ಮ ಕಣ್ಣನ್ನು ಕಟ್ಟಿಹಾಕುತ್ತದೆ. ಮರಣ ಎಂಬುದು ಒಂದೇ ಗಟ್ಟಿ ತುಂಡಾಗಿ ನಿಂತು, ಒಳಗಿನ ಮೂರು ಅಕ್ಷರಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಆಟಗಾರರು ಬಿಲ್ಲೆಗಳನ್ನು ಮತ್ತೆ ಮತ್ತೆ ಜರುಗಿಸುವುದು ಈ ಕಟ್ಟನ್ನು ಬಿಡಿಸಲಿಕ್ಕೇ. ಅಕಾರಾದಿಯಲ್ಲಿಡುವುದರ ಇನ್ನೊಂದು ಲಾಭವೂ ಇದೇ. ಆ ಕ್ರಮದಲ್ಲಿ ಸುಳ್ಳು ಪದ ಕಾಣಿಸುವುದು ಅಪರೂಪ.

ಲಾರಾ ನೋವಿಕ್ ಮತ್ತು ಸ್ಟೀವನ್ ಶರ್ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಇನ್ನೊಂದು ಬದಿಯಿಂದ ತೋರಿಸುತ್ತದೆ. ಅಕ್ಷರಪಲ್ಲಟದಲ್ಲಿ ನುರಿತವರಿಗೆ ಎಷ್ಟೋ ಸಲ ಉತ್ತರ ಒಂದೆರಡು ಸೆಕೆಂಡುಗಳಲ್ಲಿ ತಾನಾಗಿ ಚಿಮ್ಮಿ ಬರುತ್ತದೆ. ನುರಿಯದವರು ಅಕ್ಷರಗಳನ್ನು ಹೊಂದಿಸಿ ಹೊಂದಿಸಿ ನೋಡುತ್ತಾರೆ. ಆದರೆ ಹಠಾತ್ತನೆ ಚಿಮ್ಮಿದಂತೆ ಕಂಡ ಉತ್ತರದ ಹಿಂದೆಯೂ ಅರಿವಿಗೆ ಬಾರದ ಕೆಲಸ ಸ್ವಲ್ಪಸ್ವಲ್ಪವಾಗಿ ನಡೆದಿರುತ್ತದೆ. ಅಕ್ಷರಗಳು ಪದಗಳನ್ನು ಎಬ್ಬಿಸುವ ಕೆಲಸ ಕೆಳಗಡೆ ನಡೆಯುತ್ತಲೇ ಇರುತ್ತದೆ, ನಮಗೆ ಕೇಳುವುದು ಕೊನೆಯ ಕರೆಗಂಟೆ ಮಾತ್ರ.

ಇದಕ್ಕೂ ಮುಂದೆ ಹೋಗಿ ಆಟಗಾರರ ಮಿದುಳನ್ನೇ ನೋಡಿದವರು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪೆನ್ನಿ ಪೆಕ್ಸ್‌ಮನ್ ಮತ್ತು ಸಂಗಡಿಗರು. 2012ರಲ್ಲಿ ಅವರು ಪಂದ್ಯದ ಆಟಗಾರರನ್ನೂ ಸಾಮಾನ್ಯ ಓದುಗರನ್ನೂ ಕೂರಿಸಿ, ತೆರೆಯ ಮೇಲೆ ಬರುವ ಅಕ್ಷರಗುಚ್ಛ ನಿಜವಾದ ಪದವೋ ಅಲ್ಲವೋ ಎಂದು ಕೇಳಿದರು. ಆಟಗಾರರು ಬೇಗ ಹೇಳಿದರು. ಮೇಲಿನಿಂದ ಕೆಳಕ್ಕೆ ಬರೆದ ಪದಗಳಲ್ಲಿ ಅವರ ಮುನ್ನಡೆ ಎದ್ದು ಕಾಣುತ್ತಿತ್ತು. ವರ್ಷಗಟ್ಟಲೆ ಮಣೆಯ ಮೇಲೆ ಉದ್ದಕ್ಕೂ ಪದ ಓದಿದವರಲ್ಲವೇ! ಪದ ಹೌದೋ ಅಲ್ಲವೋ ಎಂದು ತೀರ್ಮಾನಿಸುವಾಗ ಅವರು ಅರ್ಥದ ನೆರವನ್ನು ಇತರರಿಗಿಂತ ಕಡಿಮೆ ತೆಗೆದುಕೊಳ್ಳುತ್ತಿದ್ದರು ಎಂಬುದೂ ಕಂಡುಬಂತು. ಮುಂದೆ ಮಿದುಳಿನ ಚಿತ್ರ ತೆಗೆದು ನೋಡಿದಾಗ, ಅರ್ಥಕ್ಕೆ ಸಂಬಂಧಪಟ್ಟ ಭಾಗಗಳಿಗಿಂತ ನೋಟಕ್ಕೂ ಕ್ಷಣಿಕ ನೆನಪಿಗೂ ಸೇರಿದ ಭಾಗಗಳು ಆಟಗಾರರಲ್ಲಿ ಹೆಚ್ಚು ದುಡಿಯುತ್ತಿದ್ದವು. ಓದುವುದು ನಾವೆಲ್ಲ ಬಾಲ್ಯದಲ್ಲೇ ಕಲಿತು ಮುಗಿಸಿದ ವಿದ್ಯೆ ಎಂದುಕೊಂಡಿದ್ದೇವೆ. ವಯಸ್ಸಿಗೆ ಬಂದ ಮೇಲೂ ಒಂದು ಹವ್ಯಾಸ ಅದನ್ನು ಇಷ್ಟು ಆಳದಲ್ಲಿ ಬದಲಿಸಬಲ್ಲದು ಎಂಬುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸಂತೋಷ ಕೊಡುವ ಸಂಗತಿ.

ಬಟ್ಸ್ ಎಣಿಸಿದ ಅಕ್ಷರಗಳು

ಚೀಲದೊಳಗೆ ಯಾವ ಅಕ್ಷರ ಎಷ್ಟಿರಬೇಕೆಂದು ನಿರ್ಧರಿಸಿದವರು ಆಲ್ಫ್ರೆಡ್ ಬಟ್ಸ್. ಅಮೆರಿಕದ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದಾಗ ಈ ಆಟ ಕಟ್ಟಲು ತೊಡಗಿದರು. ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೈಯಲ್ಲೇ ಎಣಿಸಿದರು. ಎಲ್ಲಕ್ಕಿಂತ ಹೆಚ್ಚು ಬರುವ ಇ ಎಂಬ ಅಕ್ಷರಕ್ಕೆ 12 ಬಿಲ್ಲೆ, ಒಂದೇ ಅಂಕ. ಅಪರೂಪದ ಕ್ಯೂ ಮತ್ತು ಝಡ್‌ಗೆ ಒಂದೊಂದೇ ಬಿಲ್ಲೆ, ಹತ್ತತ್ತು ಅಂಕ. ಎಸ್ ವಿಷಯದಲ್ಲಿ ಮಾತ್ರ ಎಣಿಕೆಯನ್ನು ಬೇಕೆಂದೇ ಮೀರಿದರು. ಇಂಗ್ಲಿಷ್‌ನಲ್ಲಿ ಬಹುತೇಕ ನಾಮಪದಗಳ ಕೊನೆಗೆ ಎಸ್ ಅಂಟಿಸಿ ಬಹುವಚನ ಮಾಡಬಹುದಾದ್ದರಿಂದ ಆಟ ಸಪ್ಪೆಯಾದೀತೆಂದು ಅದನ್ನು ನಾಲ್ಕಕ್ಕೇ ನಿಲ್ಲಿಸಿದರು. 1948ರಲ್ಲಿ ಜೇಮ್ಸ್ ಬ್ರೂನೋ ಇದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರಿಟ್ಟು ಮಾರಾಟಕ್ಕೆ ತಂದರು. ಮರುವರ್ಷ 2,400 ಪೆಟ್ಟಿಗೆ ಮಾಡಿ 450 ಡಾಲರ್ ಕಳೆದುಕೊಂಡರು. ಇಂದು ನ್ಯೂಯಾರ್ಕ್‌ನ ಜಾಕ್ಸನ್ ಹೈಟ್ಸ್‌ನಲ್ಲಿ, ಬಟ್ಸ್ ಬಾಳಿದ ಬಡಾವಣೆಯಲ್ಲಿ, 35ನೇ ಅವೆನ್ಯೂವಿನ ಒಂದು ನಾಮಫಲಕದ ಮೇಲೆ ಪ್ರತಿ ಅಕ್ಷರದ ಪಕ್ಕ ಅದರ ಅಂಕ ಬರೆದಿದೆ.

ಬಟ್ಸ್ ಎಣಿಸಿದ ಆ ಲೆಕ್ಕವೇ ಆಟಗಾರರು ಯಾವುದನ್ನು ಮೊದಲು ಕಲಿಯಬೇಕೆಂಬುದನ್ನು ತೀರ್ಮಾನಿಸುತ್ತದೆ. 100 ಬಿಲ್ಲೆಗಳಿಂದ ಏಳನ್ನು ಎತ್ತುವ ಬಗೆಗಳು 1,600 ಕೋಟಿಗೂ ಹೆಚ್ಚು. ಒಂದೇ ಅಕ್ಷರದ ಬಿಲ್ಲೆಗಳನ್ನು ಬೇರೆ ಬೇರೆ ಎಂದು ಲೆಕ್ಕಿಸದಿದ್ದರೆ ಅವು 31,99,724 ಗುಂಪುಗಳಿಗೆ ಇಳಿಯುತ್ತವೆ. ಎಲ್ಲ ಗುಂಪುಗಳೂ ಸಮನಾಗಿ ಬರುವುದಿಲ್ಲ. ಮೇಲೆ ಹೇಳಿದ ಎ, ಇ, ಐ, ಎನ್, ಆರ್, ಎಸ್, ಟಿ ಗುಂಪು ತುಂಬಿದ ಚೀಲದಿಂದ ಸುಮಾರು 19,000 ಸಲಕ್ಕೆ ಒಮ್ಮೆ ಬರುತ್ತದೆ. ಅಪರೂಪದ ಅಕ್ಷರಗಳ ಗುಂಪುಗಳು ಜೀವಮಾನದಲ್ಲಿ ಒಮ್ಮೆ ಬಂದರೂ ಹೆಚ್ಚು. ಹಾಗಾಗಿ ಗಂಭೀರ ಆಟಗಾರರು ನಿಘಂಟನ್ನು ಅಕಾರಾದಿಯಾಗಿ ಓದುವುದಿಲ್ಲ. ಬರುವ ಸಾಧ್ಯತೆ ಹೆಚ್ಚಿರುವ ಗುರುತು ಮೊದಲು, ಕಡಿಮೆಯದು ಆಮೇಲೆ.

ಕನ್ನಡಕ್ಕೆ ಬಿಲ್ಲೆ ಯಾವುದು?

ಇಂಥದ್ದೊಂದು ಆಟ ಕನ್ನಡದಲ್ಲಿ ಆಡುವುದಾದರೆ ಬಿಲ್ಲೆಯ ಮೇಲೆ ಏನು ಬರೆಯಬೇಕು? ಪ್ರಶ್ನೆ ಸಣ್ಣದಾಗಿ ಕಂಡರೂ ನಾವು ಇಲ್ಲಿಯವರೆಗೆ ನೋಡಿದ್ದಕ್ಕೆಲ್ಲ ಇದು ಒರೆಗಲ್ಲು. ವಾಲ್ಮೀಕಿಯ ಕಥೆ ನೆನಪಿಸಿಕೊಳ್ಳಿ. 'ಮರಾ ಮರಾ' ಎನ್ನುತ್ತ ಹೋದ ಬೇಡನ ಬಾಯಲ್ಲಿ ಅದು 'ರಾಮ'ವಾಯಿತು. ಇಲ್ಲಿ ತುಣುಕುಗಳು ಎರಡೇ, 'ರಾ' ಮತ್ತು 'ಮ'. ಅವುಗಳಿಂದ ಆಗುವ ಸಾಲುಗಳೂ ಎರಡೇ. ಈಗ ಅದನ್ನೇ ಇನ್ನೂ ಬಿಡಿಸಿ: ರ್, ಆ, ಮ್, ಅ. ನಾಲ್ಕು ತುಣುಕು, 24 ಸಾಲು. ರಾಮನ ಜೊತೆಗೆ 'ರಮಾ' ಬಂದಳು, ಮನ್ಮಥನಾದ 'ಮಾರ' ಬಂದ. ಮಾವಿನ ಮರ 'ಆಮ್ರ'ವೂ ಅಲ್ಲೇ ಇದೆ. ಮರಾ ಎಂಬುದು ಎಲ್ಲರಿಗೂ ಕಾಣುತ್ತದೆ, ರಾಮನೊಳಗಿನ ಆಮ್ರ ಮಾತ್ರ ತೋರಿಸಿಕೊಟ್ಟ ಮೇಲೆಯೇ ಕಾಣುವುದು. ನಮ್ಮ ತಲೆಯೊಳಗಿನ ಗುರುತುಗಳು ಕಟ್ಟಿಕೊಂಡಿರುವುದು ಬಿಡಿ ಧ್ವನಿಗಳಿಂದಲ್ಲ, ನಾವು ಓದು ಕಲಿತ ತುಣುಕುಗಳಿಂದ ಎಂದು ನಾನು ಇದರಿಂದ ತಿಳಿಯುತ್ತೇನೆ. ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಊಹೆಗೆ ಬಲ ಕೊಡುತ್ತದೆ. ಮಕ್ಕಳಿಗೆ ಅಕ್ಷರದ ಮಟ್ಟದ ಅರಿವು ಮೊದಲು ಮೂಡುತ್ತದೆ. ಒಂದು ಅಕ್ಷರದೊಳಗೆ ವ್ಯಂಜನ ಬೇರೆ, ಸ್ವರ ಬೇರೆ ಎಂಬ ಅರಿವು ಬಹಳ ನಿಧಾನ.

ಇಡೀ ಅಕ್ಷರಕ್ಕೆ ಒಂದು ಬಿಲ್ಲೆ ಎಂದರೆ 34 ವ್ಯಂಜನ, 13 ಸ್ವರಗಳ ಗುಣಿತಾಕ್ಷರಗಳೇ 442. ಒತ್ತಕ್ಷರಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನೂರು ಬಿಲ್ಲೆಗಳ ಚೀಲಕ್ಕೆ ಇದು ಹಿಡಿಸುವುದಿಲ್ಲ. ವ್ಯಂಜನ ಮಾತ್ರ ಬಿಲ್ಲೆಯ ಮೇಲಿರಲಿ, ಗುಣಿತವನ್ನು ಆಟಗಾರರು ಇಷ್ಟದಂತೆ ಹಚ್ಚಿಕೊಳ್ಳಲಿ ಎಂದರೆ ಮ, ರ ಎರಡರಿಂದಲೇ ಮರ, ಮರಿ, ಮಾರಿ, ಮೂರು, ಮೇರು, ಮೋರಿ ಎಲ್ಲ ಆಗಿ ಆಟ ತೀರ ಸಲೀಸಾಗುತ್ತದೆ. ನನ್ನ ಒಲವು ಧ್ವನಿಗೊಂದು ಬಿಲ್ಲೆ ಇಡುವ ದಾರಿಯ ಕಡೆಗೆ. ಕಷ್ಟ ಹೆಚ್ಚು, ಆದರೆ ರಾಮನೊಳಗಿನ ಮಾವಿನ ಮರ ಕಾಣುವುದು ಆ ದಾರಿಯಲ್ಲಿ ಮಾತ್ರ. ಬಟ್ಸ್‌ಗೆ ಎಸ್ ತಂದ ತೊಡಕಿಗೆ ಇಲ್ಲಿ ಹೊಸ ರೂಪ ಬರುತ್ತದೆ. 'ಗಳು' ಸೇರಿಸಲು ಗ್, ಅ, ಳ್, ಉ ನಾಲ್ಕು ಬಿಲ್ಲೆ ಬೇಕಾದ್ದರಿಂದ ಬಹುವಚನದ ಭಯವಿಲ್ಲ. ಮನೆಯ, ಮನೆಯೇ, ಮನೆಯೂ ಎಂದು ಎರಡೇ ಬಿಲ್ಲೆಯಲ್ಲಿ ಬೆಳೆಯುವ ರೂಪಗಳನ್ನು ಒಪ್ಪಬೇಕೋ ಬೇಡವೋ ಎಂಬುದಕ್ಕೆ ನಿಯಮ ಬೇಕಾಗುತ್ತದೆ. ಯಾವ ಧ್ವನಿಗೆ ಎಷ್ಟು ಬಿಲ್ಲೆ ಎಂದು ತಿಳಿಯಲು ಕನ್ನಡ ಪತ್ರಿಕೆಯ ಪುಟಗಳನ್ನು ಯಾರಾದರೂ ಕೂತು ಎಣಿಸಬೇಕು. 'ಸ್ತ್ರೀ' ಎಂಬ ಪದ ಎದುರಾದಾಗ ಒಂದು ಎಂದು ಬರೆದುಕೊಳ್ಳುವುದೋ, ಸ್, ತ್, ರ್, ಈ ಎಂದು ನಾಲ್ಕಾಗಿ ಬರೆದುಕೊಳ್ಳುವುದೋ ಎಂಬುದು ಆ ಎಣಿಕೆ ಶುರುವಾಗುವ ಮೊದಲೇ ಇತ್ಯರ್ಥವಾಗಬೇಕಾದ ಮಾತು.